ಐತವಾರದ ಮೀಟಿಂಗು

ಕುಷ್ಟಗಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಗಂಡ ಹೆಂಡತಿ ಕೂತಿದ್ದರು. ಗಂಡನ ಕೈ ನಡುಗುತ್ತಿತ್ತು. ಹೆಂಡತಿ ಚಹಾದಂಗಡಿಯವನನ್ನು ಕೇಳಿದಳು.

"ಅಣ್ಣಾರ, ಕುಡಿಯೋದು ಬಿಡೋರ ಮೀಟಿಂಗು ಇಲ್ಲೆಲ್ಲಿ ನಡೀತೈತ್ರಿ?"

"ಇಲ್ಲಿಂದು ನಿಂತು ಭಾಳ ದಿನ ಆತು ತಂಗಿ. ಈಗ ಕೊಪ್ಪಳದಾಗ, ಐತವಾರಕ್ಕೊಮ್ಮೆ ಅಷ್ಟ."

"ಇವತ್ತು ಸೋಮವಾರ ಅಲ್ರಿ! ಐತವಾರ ನಿನ್ನೇನ ಹೋತು."

"ಐತವಾರ ಕರಕೊಂಡು ಹೋಗವ್ವ."

"ಇವತ್ತ ಇವರು ತಾವಾಗೇ ಬರ್ತೀನಿ ಅಂದಾರ್ರಿ. ಮುಂಜಾನಿಂದ ಮುಟ್ಟಿಲ್ಲ."

ಗಂಡ ಎದ್ದು ನಿಂತ.

"ನಡಿ ಭವಾನಿ, ಊರಿಗೆ ಹೋಗಿ ಐತವಾರ ಬರೂಣು."

"ಅಲ್ಲಿತನಾ ತಡಕೊಂತೀರೇನ್ರಿ?"

ಅವನು ತಲೆ ತಗ್ಗಿಸಿದ.

"ಸುಳ್ಳು ಹೇಳ್ಲೇನು?"

"ಬ್ಯಾಡ್ರಿ."

ಯಲಬುರ್ಗಾ ಬಸ್ಸು ಬಂತು. ಅವಳು ಅವನ ನಡುಗುವ ಕೈ ಹಿಡಿದು ಹತ್ತಿಸಿ, ತಾನೂ ಹತ್ತಿದಳು.