ಒಬ್ಬರೇ ಒಳಗೆ ಬನ್ನಿ

ತಡಿ ತಡಿ, ಬಾಗ್ಲು ತೆಗೀಬೇಡ! ಚಳಿ ಒಳಗೆ ನುಗ್ಗತ್ತೆ, ಅಮ್ಮಾ... ಕೂತ್ಕೋ. ಇನ್ನೂ ಟೈಮಿದೆ. ಕಾರೊಳಗೆ ಈಗಿನ್ನೂ ಬೆಚ್ಚಗಾಗ್ತಿದೆ, ಅಷ್ಟರಲ್ಲಿ ಇಳೀಬೇಕು ಅಂತೀಯಲ್ಲ! ವಕೀಲರ ಆಫೀಸು ಎದ್ದು ಎಲ್ಲಿಗೂ ಓಡಿಹೋಗಲ್ಲ. ನಾನೊಂದು ಮಾತು ಹೇಳ್ಬೇಕು. ಮನೆಯಿಂದ ಇಲ್ಲಿಗೆ ಬರೋವರೆಗೂ ಅದನ್ನೇ ಯೋಚಿಸ್ತಾ ಬಂದೆ. ನಿನ್ನ ಉಯಿಲು ಬರ್ಯೋಕೆ ಈ ವಕೀಲಮ್ಮ ನಮಗೆ ಬೇಕಾ? ನಿಜವಾಗ್ಲೂ ಬೇಕಾ ಅಂತೀನಿ.

ಯಾಕೆ ಹಾಗೆ ನೋಡ್ತೀಯ? ಹೌದು, ಅಪಾಯಿಂಟ್‌ಮೆಂಟ್ ತಗೊಂಡಿದ್ದು ನಾನೇ. ಫೋನ್ ಮಾಡಿದ್ದು ನಾನೇ, ಬೆಳಿಗ್ಗೆ ಎದ್ದು ಹಿಮ ಗೋರಿ ಕಾರು ಆಚೆ ತೆಗ್ದಿದ್ದು ನಾನೇ, ನಿನ್ನ ಕಾಲಿಗೆ ಬೂಟು ತೊಡಿಸಿದ್ದೂ ನಾನೇ. ಇಲ್ಲ ಅಂದ್ನಾ? ಮನುಷ್ಯರು ಅಂದ್ಮೇಲೆ ಮನಸ್ಸು ಬದಲಾಯಿಸ್ಬಾರ್ದಾ?

ಈಗ ನೀನೇ ಹೇಳು, ನಿನ್ನ ಹತ್ರ ಮಹಾ ಏನಿದೆ? ಥಂಡರ್ ಬೇಯಲ್ಲಿ ನಾವಿರೋ ಮನೆ. ಸರೋವರದ ದಡದಲ್ಲಿ ಅಪ್ಪ ಕಟ್ಟಿದ ಬೇಸಿಗೆ ಮನೆ. ಅಷ್ಟೇ ತಾನೆ? ಊರಿನ ಮನೆ ಈ ಹೆಲ್ವಿಗೆ, ಸರೋವರದ ಮನೆ ನಿನ್ನ ಮಗ ರೇನೊಗೆ. ಮುಗೀತು! ನಿನಗಿರೋದು ಇಬ್ಬರು ಮಕ್ಕಳು, ನಾನು, ಅವನು. ಇದಕ್ಕೆ ಕೋಟು ಹಾಕ್ಕೊಂಡೋರು, ಸೋಫಾ, ಗಾಜಿನ ಬಾಗ್ಲು ಎಲ್ಲ ಯಾಕೆ? ಸ್ಟೇಷನರಿ ಅಂಗಡೀಲಿ ತಂದ ಉಯಿಲಿನ ಕಿಟ್ಟು ಅಡುಗೆಮನೆ ಡ್ರಾಯರಲ್ಲಿ ಹಾಗೇ ಬಿದ್ದಿದೆ. ಬಿಟ್ಟ ಸ್ಥಳ ತುಂಬಿಸಿ ನೀನು ಸಹಿ ಹಾಕಿದ್ರೆ ಆಯ್ತು. ಮನೆಗೆ ಹೋಗೋಣ, ಕಾಫಿ ಮಾಡ್ತೀನಿ, ಏಲಕ್ಕಿ ಬ್ರೆಡ್ಡು ಇನ್ನೂ ಅರ್ಧ ಇದೆ. ಆರಾಮಾಗಿ ಕೂತು ಬರ್ಯೋಣ. ಆಂ?

ಆಗ್ಲೇ ಬರೆದಾಗಿತ್ತು ಅಂತೀಯ? ಬಾಯಲ್ಲಿ ಹೇಳ್ದಿದ್ರೂ ಮುಖದಲ್ಲೇ ಗೊತ್ತಾಗತ್ತೆ ಬಿಡು. ಹೌದು, ಬರೆದಿದ್ವಿ. ಎರಡು ಸಾಕ್ಷಿ ಬೇಕು ಅಂತ ಇತ್ತು. ನಾನು ಪೆದ್ದಿ, ಮೊದಲನೇ ಸಾಕ್ಷಿ ಅಂತ ನನ್ನ ಹೆಸ್ರೇ ಬರ್ದ್ಬಿಟ್ಟೆ! ಮನೆ ಸಿಗೋಳೇ ಸಾಕ್ಷಿ! ಹಾಗೆ ಮಾಡಿದ್ರೆ ಮನೇನೇ ಕೈಬಿಟ್ಟು ಹೋಗ್ತಿತ್ತಂತೆ. ನಗ್ತಿದ್ದೀಯಾ? ... ಇಲ್ವಾ. ಸರಿ. ಆಮೇಲೆ ತಾನೆ ಹಿಲ್ಮಾನ ಕರೆದಿದ್ದು. ನಿನ್ನ ಚರ್ಚಿನ ಗೆಳತಿ, ನಂಬಿಕಸ್ಥೆ ಅಂತ. ಬಂದ್ಲು, ಕಾಫಿ ಕುಡಿದ್ಲು, ಬ್ರೆಡ್ಡಿಗೆ ಬೆಣ್ಣೆ ಮೇಲೆ ಬೆಣ್ಣೆ ಬಳ್ಕೊಂಡು ತಿಂದ್ಲು. ಪೆನ್ನು ಕೈಗೆ ಕೊಟ್ರೆ ಕೆಳಗಿಟ್ಟು ಏನಂದ್ಲು? "ನಿನ್ನಮ್ಮ ಔನೆ ಹತ್ರ ಒಬ್ಳೇ ಕೂತು ಮಾತಾಡ್ದೆ ನಾನು ಸಹಿ ಹಾಕಲ್ಲ, ಹೆಲ್ವಿ." ನನ್ನ ಮನೇಲಿ ಕೂತು, ನನ್ನ ಬ್ರೆಡ್ಡು ತಿಂದು! ಆವತ್ತೇ ನಾನು ಸಿಟ್ಟಲ್ಲಿ ಅಂದಿದ್ದು, ಹಾಗಾದ್ರೆ ವಕೀಲರ ಹತ್ರಾನೇ ಹೋಗ್ತೀವಿ, ನೀನ್ಯಾರು ಕೇಳೋಕೆ ಅಂತ. ಬಾಯಿಂದ ಬಂದ್ಬಿಡ್ತು.

ನೋಡಿದ್ರೆ ಇಲ್ಲೂ ಅದೇ ರಾಗ! ನಿನ್ನೆ ಫೋನ್ ಮಾಡಿದ್ಲಲ್ಲ ಆಫೀಸಿನ ಹುಡ್ಗಿ... ನಿಂಗೆ ಹೇಳ್ಲಿಲ್ಲ ನಾನು. ಈಗ ಹೇಳ್ತಿದ್ದೀನಿ. "ನಿಮ್ಮ ತಾಯಿ ಒಬ್ಬರೇ ಒಳಗೆ ಬರ್ತಾರೆ ಮೇಡಂ, ನೀವು ಹೊರಗೆ ಕಾಯ್ಬೇಕಾಗತ್ತೆ. ವಯಸ್ಸಾದೋರ ಉಯಿಲು ಅಂದ್ರೆ ನಮ್ಮಲ್ಲಿ ಪದ್ಧತಿ." ಏನು ಪದ್ಧತಿ ಅಂದೆ. ಯಾರೂ ಒತ್ತಾಯ ಮಾಡ್ತಿಲ್ಲ ಅಂತ ವಕೀಲರು ಖಾತ್ರಿ ಮಾಡ್ಕೋಬೇಕಂತೆ. ಒತ್ತಾಯ! ನಾನು! ಮೈಯೆಲ್ಲ ಉರಿದುಹೋಯ್ತು. ಕಳ್ಳಿ ಹಾಗೆ ಹೊರಗೆ ಕೂತು ಹಳೇ ಮ್ಯಾಗಜಿನ್ ತಿರುವಿ ಹಾಕ್ಬೇಕಂತೆ ನಾನು, ಒಳಗೆ ನೀನು, ಅವಳು, ಮುಚ್ಚಿದ ಬಾಗ್ಲು.

ಎಲ್ಲರಿಗೂ ನೀನು ಒಬ್ಳೇ ಬೇಕು, ಅಮ್ಮಾ! ಅಪ್ಪ ಹೋದ್ಮೇಲೆ ನಾನೊಬ್ಳೇ ನಿನ್ನ ಜೊತೆ ಇದ್ದೆನಲ್ಲ, ಆಗ ಯಾರಿಗೂ ಬೇಡವಾಗಿತ್ತು. ಸ್ನಾನ ಮಾಡಿಸೋಕೆ ಬಂದ್ರಾ? ಹಾಸಿಗೆ ಒದ್ದೆ ಆದಾಗ ಬಂದ್ರಾ? ರೇನೊ ಬರ್ತಾನೆ, ಜೂನಲ್ಲಿ, ನಮ್ಮೋರ ಮಧ್ಯಬೇಸಿಗೆ ಹಬ್ಬಕ್ಕೆ. ಸರೋವರಕ್ಕೆ ಹಾರ್ತಾನೆ, ಮೀನು ಸುಡ್ತಾನೆ, ನಿನ್ನ ಕೆನ್ನೆಗೆ ಮುತ್ತು ಕೊಟ್ಟು "ಅಮ್ಮ ಎಷ್ಟು ಗಟ್ಟಿಯಾಗಿದಾಳೆ" ಅಂತ ಹೊಗಳಿ ಹೋಗ್ತಾನೆ. ಗಟ್ಟಿ ಇಟ್ಟಿರೋಳು ಯಾರು ಅಂತ ಕೇಳಲ್ಲ.

ಅಳ್ತಿಲ್ಲ. ಹೀಟರ್ ಗಾಳಿ ಕಣ್ಣಿಗೆ ಹೊಡೀತಿದೆ. ನಿನ್ನ ಕಡೆ ತಿರುಗಿಸ್ಲಾ? ಕೈಗವಸು ತೆಗಿ, ಬೆರಳು ಬೆಚ್ಚಗಾಗ್ಲಿ. ... ಬೇಡ್ವಾ? ತೋಳು ಯಾಕೆ ಹಾಗೆ ಮುಚ್ಕೋತೀಯ? ಯಾರೂ ನೋಡಲ್ಲ ಇಲ್ಲಿ.

ಹಿಲ್ಮಾ ನೋಡಿದ್ಲು, ಅದೇ ತಾನೆ ಎಲ್ಲದಕ್ಕೂ ಮೂಲ. ಶನಿವಾರ ಶನಿವಾರ ನೀವಿಬ್ರೂ ನಮ್ಮ ನೆಲಮಾಳಿಗೆ ಸೌನಾದಲ್ಲಿ, ಆ ಬಿಸಿ ಹಬೆ ಕೋಣೇಲಿ ಕೂರ್ತಿದ್ರಿ. ಮೈಮೇಲೆ ಬಟ್ಟೆ ಇಲ್ಲ, ಮುಚ್ಚುಮರೆ ಇಲ್ಲ. ನಮ್ಮ ಫಿನ್‌ಲೆಂಡ್ ಜನ ಬೇರೆ ಎಲ್ಲ ಮುಚ್ಚಿಡ್ತಾರೆ, ಸೌನಾದಲ್ಲಿ ಮಾತ್ರ ಏನೂ ಮುಚ್ಚೋಕಾಗಲ್ಲ. ನಾನು ಬಿಸಿ ಕಲ್ಲಿನ ಮೇಲೆ ನೀರು ಹಾಕೋಕೆ ಒಳಗೆ ಬಂದಾಗ ಅವಳ ಕಣ್ಣು ನಿನ್ನ ತೋಳಿನ ನೀಲಿ ಗುರುತುಗಳ ಮೇಲೇ ನೆಟ್ಟಿತ್ತು. ಬೆಂಚಿಗೆ ತಗುಲಿದ್ದು ಅಂದೆ. ಅವಳು ಕೇಳೋ ಮುಂಚೆನೇ ಅಂದ್ಬಿಟ್ಟೆ. ನೀನೂ ತಲೆ ಆಡಿಸಿದೆ. ಆಡಿಸಿದೆ ತಾನೆ? ಅವಳು ಏನಂದ್ಲು ಗೊತ್ತಲ್ಲ... "ಬೆಂಚಿಗೆ ಬೆರಳಿರುತ್ತಾ, ಹೆಲ್ವಿ?"

ಅವತ್ತಿಂದ ಶನಿವಾರ ನಿಂತುಹೋಯ್ತು. ಸೌನಾ ಒಲೆ ಕೆಟ್ಟಿದೆ ಅಂತ ಅವಳಿಗೆ ಹೇಳಿದ್ದೀನಿ. ಒಲೆ ಚೆನ್ನಾಗೇ ಇದೆ. ಮರೆತಿರ್ತಾಳೆ ಅಂತ ಸಾಕ್ಷಿಗೆ ಕರೆದೆ; ಅವಳು ಸಹಿ ಹಾಕಲ್ಲ ಅಂದ್ಮೇಲೆ ಚರ್ಚಿಗೂ ಹೋಗಿಲ್ಲ ನಾವು. ಅಂಗಡೀಲಿ ಹಿಲ್ಮಾ ಕೋಟು ಕಂಡ್ರೆ ನಾನು ಬೇರೆ ಸಾಲಿಗೆ ನುಗ್ತೀನಿ. ಎಂಥಾ ನಾಚಿಕೆಗೇಡು! ಹಾಲು ತಗೊಳ್ಳೋಕೆ ಹೋದೋಳು ಬೆಕ್ಕಿನ ಆಹಾರದ ಡಬ್ಬಿಗಳ ಹಿಂದೆ ನಿಂತ್ಕೋತೀನಿ. ನಮ್ಮ ಮನೇಲಿ ಬೆಕ್ಕೇ ಇಲ್ಲ!

ಆ ಗುರುತು ಬಿದ್ದ ದಿನ ಬೆಳಿಗ್ಗೆ ಏನಾಯ್ತು ಅಂತ ನಿಂಗೂ ಗೊತ್ತು, ನಂಗೂ ಗೊತ್ತು. ಸ್ವೆಟರ್ ತೋಳಿಗೆ ಕೈ ತೂರಿಸು ಅಂತಿದ್ದೆ. ನೀನು, "ರೇನೊ ಯಾವಾಗ ಬರ್ತಾನೆ?" ಕೈ ತೂರಿಸಮ್ಮಾ. "ರೇನೊ ಫೋನ್ ಮಾಡಿದ್ನಾ?" ಕೈ... "ರೇನೊಗೆ ತಿಂಡಿ ಇಟ್ಟಿದ್ದೀಯಾ?" ನಿನ್ನ ಮುಂದೆ ಮಂಡಿ ಊರಿ ಕೂತಿರೋಳು ನಾನು! ನನ್ನ ಹೆಸ್ರು ಒಂದ್ಸಲ... ಒಂದೇ ಒಂದ್ಸಲ ಬಂದಿದ್ರೆ... ಎಳ್ದೆ. ಸ್ವಲ್ಪ ಜೋರಾಗಿ ಹಿಡಿದೆ, ಎಳ್ದೆ. ಸುಸ್ತಾಗಿತ್ತಮ್ಮಾ. ನಿದ್ದೆ ಇರ್ಲಿಲ್ಲ. ನಿನ್ನ ಚರ್ಮನೂ ಈಗ ಕಾಗದದ ಹಾಗೆ ಆಗಿದೆ, ಮುಟ್ಟಿದ್ರೆ ನೀಲಿ ಬರತ್ತೆ. ಡಾಕ್ಟ್ರೇ ಹೇಳಿದ್ದಾರೆ ತಾನೆ? ರಕ್ತ ತೆಳು ಮಾಡೋ ಮಾತ್ರೆ ಅಂತ.

ಯಾಕೆ ಕಿಟಕಿ ಕಡೆ ತಿರುಗ್ದೆ? ಮಾತಾಡು. ಬೈದ್ರೂ ಸರಿ, ಬೈ!

ಸರಿ, ಹೋಗೋಣ ಅಂತಾನೇ ಇಟ್ಕೋ. ಹೋಗ್ದಿದ್ರೆ ಹಿಲ್ಮಾ ಊರೆಲ್ಲ ಬಾಯಿ ಮಾಡ್ತಾಳೆ. ಆದ್ರೆ ಒಂದು ತಿಳ್ಕೋ. ಆ ವಕೀಲಮ್ಮ ನಮ್ಮ ಫಿನ್‌ಲೆಂಡಿನ ಕಡೆಯೋಳಲ್ಲ, ಈ ಕೆನಡಾದೋಳು. ನಮ್ಮೋರು ಒಂದು ಗಂಟೆ ಎದುರಾ ಬದುರಾ ಕೂತು, ಒಂದು ಮಾತೂ ಆಡ್ದೆ ಎದ್ದುಹೋದ್ರೂ ಒಳ್ಳೇ ಭೇಟಿ ಆಯ್ತು ಅಂತಾರೆ. ಅಪ್ಪ ಮದುವೆ ಆಗ್ತೀಯಾ ಅಂತ ಕೇಳ್ದಾಗ ನೀನು ಉತ್ತರಾನೇ ಕೊಡದೆ ಅವರ ಕಪ್ಪಿಗೆ ಇನ್ನಷ್ಟು ಕಾಫಿ ಬಗ್ಗಿಸಿದ್ಯಂತೆ! ಅಪ್ಪಂಗೆ ಅರ್ಥ ಆಯ್ತು. ಆದ್ರೆ ಅವಳಿಗೆ ಆಗಲ್ಲಮ್ಮಾ. ನೀನು ಸುಮ್ನೆ ಕೂತ್ರೆ ಅವಳು ಬೇರೇನೋ ಅಂದ್ಕೋತಾಳೆ. ಅದಕ್ಕೇ ಬಾಯಿ ಬಿಟ್ಟು ಹೇಳ್ಬೇಕು. ಅಷ್ಟೇ ನಾನು ಕೇಳೋದು.

ಈಗ ನಾನೇ ವಕೀಲಮ್ಮ. ನಗು ಬೇಕಾದ್ರೆ. ಕನ್ನಡಕ ಮೂಗಿನ ತುದೀಲಿ, ಹೀಗೆ. "ಮಿಸೆಸ್ ಲೆಹ್ತೊ, ಇಲ್ಲಿಗೆ ನಿಮ್ಮ ಇಷ್ಟದಿಂದ ಬಂದ್ರಾ?" ಹೂಂ ಅನ್ನು. ... ತಲೆ ಆಡಿಸಿದ್ರೆ ಸಾಲ್ದು. ಇರ್ಲಿ, ಮುಂದಿನದು. "ಮಗಳು ನಿಮ್ಮನ್ನ ಚೆನ್ನಾಗಿ ನೋಡ್ಕೋತಾಳಾ?" ... ಯೋಚನೆ ಮಾಡೋದೇನಿದೆ ಇದ್ರಲ್ಲಿ? ಬ್ರೆಡ್ಡು ಯಾರು ಮಾಡ್ತಾರೆ, ಉಗುರು ಯಾರು ಕತ್ತರಿಸ್ತಾರೆ? ಸರಿ, ಕೊನೇದು. ಇದನ್ನ ಕೇಳೇ ಕೇಳ್ತಾರಂತೆ. "ಮನೇಲಿ ಯಾರನ್ನಾದ್ರೂ ಕಂಡ್ರೆ ನಿಮಗೆ ಭಯ ಇದ್ಯಾ?" ಇಲ್ಲ ಅನ್ನು. ಒಂದೇ ಮಾತು, ಅಮ್ಮಾ. ಇಲ್ಲ.

...

ಅಮ್ಮಾ?

ಅಭ್ಯಾಸಕ್ಕೆ ಕೇಳ್ತಿರೋದು. ನಾನೇ ಕೇಳ್ತಿರೋದು, ಹೆಲ್ವಿ. ಯಾರನ್ನಾದ್ರೂ ಕಂಡ್ರೆ... 

...

ಬಿಡು. ಸಾಕು. ಟೈಮಾಯ್ತು ಕೂಡ. ಇರು, ನಿನ್ನ ಸೀಟ್ ಬೆಲ್ಟು ಬಿಚ್ತೀನಿ—

ಯಾಕೆ... ಯಾಕಮ್ಮಾ ಹಾಗೆ ಬಾಗ್ಲಿಗೆ ಒತ್ಕೊಂಡೆ? ಬೆಲ್ಟಿಗೆ ಕೈ ಹಾಕಿದ್ದು ನಾನು. ಬೆಲ್ಟಿಗೆ. ಕಣ್ಣು ಬಿಡು. ಕೈ ಇಳಿಸಮ್ಮಾ, ಮುಖದ ಮುಂದಿಂದ ಕೈ ಇಳಿಸು... ನೋಡು, ನನ್ನ ಕೈ ಎರಡೂ ಸ್ಟೀರಿಂಗ್ ಮೇಲಿದೆ. ನೋಡು.

ಆ ಸ್ವೆಟರ್ ದಿನ ಒಂದೇ ಸಲ ತಾನೆ? ಅದೊಂದೇ ಸಲ ಅಲ್ವಾ? ... ಹೇಳಲ್ಲ ನೀನು.

ಒಂದೇ ಸಲ ಅಲ್ಲ. ಗೊತ್ತು. ನಂಗೆ ಗೊತ್ತು.

ಹೋಗು. ನಾನು ಬರಲ್ಲ, ಹೊರಗಿನ ಸೋಫಾಕ್ಕೂ ಬರಲ್ಲ, ಇಲ್ಲೇ ಇರ್ತೀನಿ. ಮನೆ ಯಾರಿಗೆ ಕೊಡ್ಬೇಕು ಅನ್ಸತ್ತೋ ಅವರಿಗೆ ಬರ್ಸು. ಅವಳು ಕೇಳಿದ್ದಕ್ಕೆಲ್ಲ ಇದ್ದಿದ್ದನ್ನ ಇದ್ದ ಹಾಗೆ ಹೇಳು. ನನ್ನ ಮುಖ ನೋಡ್ಬೇಡಮ್ಮಾ, ಹೋಗು... ಅಯ್ಯೋ, ಒಬ್ಳೇ ಇಳೀಬೇಡ! ಮೆಟ್ಟಿಲ ಹತ್ರ ಹಿಮ ಗಟ್ಟಿಯಾಗಿ ಜಾರ್ತಿದೆ. ತಡಿ, ಹಾರ್ನ್ ಮಾಡ್ತೀನಿ. ಆಫೀಸಿನ ಹುಡ್ಗಿ ಬಂದು ನಿನ್ನ ಕೈ ಹಿಡ್ಕೊಳ್ಳಲಿ.