ಎಂಕಪ್ಪನಿಗೆ ಇಂಗ್ಲಿಷ್ ಕಲಿಸಿದ್ದು

ಪೀಠವನ್ನು ಗಂಭೀರವಾಗಿ ಅಲಂಕರಿಸಿರುವ ಮಾನ್ಯ ಅಧ್ಯಕ್ಷರೇ, ಗೋಡೆಗೆ ಒರಗಿಕೊಂಡೇ ನನ್ನನ್ನು ಹರಸುತ್ತಿರುವ ಮುಖ್ಯ ಅತಿಥಿಗಳೇ, ಕೆಮ್ಮದೆ, ಆಕಳಿಸದೆ, ಮೊಬೈಲು ನೋಡದೆ ಸಾಲಾಗಿ ಕೂತು ಕೇಳುತ್ತಿರುವ ಅಪರೂಪದ ಸಭಿಕರೇ,

ಹಾಲೆಂಡಿನಿಂದ ನಮ್ಮ ಕೆ.ಆರ್. ಪೇಟೆ ಕಡೆಯ ಡೇರಿಗೆ ಬಂದು, ಆರು ತಿಂಗಳು ನಮ್ಮ ಕೊಟ್ಟಿಗೆಗಳನ್ನು ತಿದ್ದಿ, ಈಗ ಊರಿಗೆ ಹೊರಟು ನಿಂತಿರುವ ಶ್ರೀಯುತ ಹೆಂಕ್ ಅವರ ಬೀಳ್ಕೊಡುಗೆಯಲ್ಲಿ ನಾಲ್ಕು ಮಾತಾಡುವ ಭಾಗ್ಯ ನನ್ನದು. ಹೆಂಕ್ ಎಂದರೆ ಯಾರೆಂದು ನಿಮಗೆ ಹೊಳೆಯಲಿಕ್ಕಿಲ್ಲ. ನಮ್ಮ ಕಡೆ ಬಾಯಲ್ಲಿ ಹಕಾರ ನಿಲ್ಲುವುದಿಲ್ಲವಲ್ಲ! ಮೊದಲ ದಿನ ಅವರು ಎಂಕ ಆದರು. ನರೆತ ತಲೆಗೆ ಮರ್ಯಾದೆ ಕೊಟ್ಟು ಮಾರನೆಯ ದಿನ ಎಂಕಪ್ಪ ಆದರು.

ಎಂಕಪ್ಪನವರದು ಡಚ್ ಭಾಷೆ. ಹಳ್ಳಿಯಲ್ಲಿ ಹಸು ಸಾಕಿಕೊಂಡೇ ಅರವತ್ತು ದಾಟಿದವರು, ಇಂಗ್ಲಿಷು ಅಷ್ಟಕ್ಕಷ್ಟೆ. ನಾಗಮಂಗಲದಲ್ಲಿ ಟ್ಯುಟೋರಿಯಲ್ ನಡೆಸುವ ನನ್ನ ಮನೆಗೆ ಅವರನ್ನು ಕರೆತಂದ ಡೇರಿಯವರು, "ಇವ್ರಿಗೆ ವಸಿ ಗ್ರಾಮರ್ ಏಳ್ಕೊಡಿ ಸಾ" ಅಂದಾಗ, ಅವರೆಕಾಯಿ ಸುಲಿಯುತ್ತಿದ್ದ ನಮ್ಮವ್ವ ಚಿಕ್ಕಬೋರಮ್ಮ ತಲೆಯೆತ್ತಿದಳು.

"ಅಲ್ಕಣ್ಲಾ, ಬಿಳೀರ್ಗೂ ಇಂಗ್ಲೀಸ್ ಬರಾಕಿಲ್ವಾ? ಮತ್ತೆ ಯಾರ್ದ್ಲಾ ಆ ಬಾಸೆ?"

ಸಭಿಕರೇ, ಇದು ಸಣ್ಣ ಪ್ರಶ್ನೆಯೇ? ಯಾರದು ಆ ಭಾಷೆ? ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿದ ನನ್ನದಂತೂ ಅಲ್ಲ. ನನಗೆ ಅದನ್ನು ಉಣಿಸಿದವರು ಬಿಂಡಿಗನವಿಲೆಯಲ್ಲಿ ನಮಗೆ ಪಾಠ ಹೇಳಿದ ಶ್ರೀನಿವಾಸಮೂರ್ತಿ ಮೇಷ್ಟ್ರು. ಮೇಲುಕೋಟೆಯವರು. ಬಿಸಿಲಿಗೆ ಹಣೆಯ ನಾಮ ಕರಗಿದರೂ ಪ್ರಾಸ ಕರಗಲು ಬಿಡದವರು.

"ಹೀ, ಶೀ, ಇಟ್ಟು: ಬಾಲಕ್ಕೆ ಎಸ್ಸು ಕಟ್ಟು!
ಐ, ವೀ, ಯೂ, ದೇ: ಬರಬೇಕು ಎಸ್ಸಿಲ್ಲದೇ!"

ನಾವು ಕಿರುಚುತ್ತಿದ್ದೆವು, ಕಿಟಕಿಯಾಚೆ ಮೇಯುತ್ತಿದ್ದ ಕುರಿಗಳೂ ದನಿಗೂಡಿಸುತ್ತಿದ್ದವು. ಮೊನ್ನೆ ಮೊನ್ನೆ ನನ್ನ ಜಗಲಿಯಲ್ಲಿ ಎಂಕಪ್ಪನವರು ತೊಡೆ ತಟ್ಟಿಕೊಂಡು ನಾನು ಬಾಯಿಪಾಠ ಮಾಡಿಸಿದ್ದ ಅದನ್ನೇ ಕನ್ನಡದ ಅರ್ಥ ತಿಳಿಯದೆ ಹಾಡಿದಾಗ, ಆ ಕ್ಲಾಸಿನ ಸೀಮೆಸುಣ್ಣದ ವಾಸನೆ ಮೂಗಿಗೆ ಬಡಿಯಿತು.

ಎರಡನೆಯ ಪಾಠಕ್ಕೆ ಅವರು "ಐ ಆಮ್ ಹಿಯರ್ ಸಿನ್ಸ್ ಟು ಮಂತ್ಸ್" ಅಂದರು. 'ಹ್ಯಾವ್ ಬೀನ್' ಇಲ್ಲ, 'ಫಾರ್' ಇಲ್ಲ. ಅಯ್ಯೋ, ಪಿಯುಸಿ ಮುಗಿಯುವವರೆಗೆ ನಾನೂ ಹಾಗೇ ಅನ್ನುತ್ತಿದ್ದೆ! ಏಳು ಸಮುದ್ರದಾಚೆಯವನೂ ನಾನೂ ಒಂದೇ ಗುಂಡಿಗೆ ಬಿದ್ದವರು. ಇನ್ನೊಂದು ಸಂಜೆ ಬಂದು, "ಐ ಆಮ್ ಸ್ಯಾಡ್, ಬಿಕಾಸ್ ದ ಕೌ ಟುಡೇ ನೋ ಮಿಲ್ಕ್ ಗಿವ್ಸ್" ಅಂದರು. ಡಚ್ಚಿನಲ್ಲಿ 'ಯಾಕೆಂದರೆ' ಬಂದ ಮೇಲೆ ಕ್ರಿಯಾಪದ ಕೊನೆಗೆ ಹೋಗಿ ಕೂರುತ್ತದಂತೆ. ಹಸು, ಇವತ್ತು, ಹಾಲು, ಕೊಡಲ್ಲ. ನಮ್ಮ ಕನ್ನಡದ್ದೇ ಸಾಲು! ನಾನು ತಿದ್ದಿದೆ. ಒಳಗಿನಿಂದ ನನ್ನ ಹೆಂಡತಿ ಪ್ರಮೀಳಾ ಕೂಗಿದಳು: "ಅವ್ರು ಏಳಿದ್ದು ನಂಗರ್ಥ ಆಗಿತ್ತು ಕಣ್ರೀ, ನೀವು ತಿದ್ದುದ್ಮೇಲೆ ಆಗ್ಲಿಲ್ಲ!"

ಈಗ ನೋಡಿ, ಎಂಕಪ್ಪನವರು ಪಾಂಡವಪುರದ ಸಂತೆಯಲ್ಲೂ ಇಂಗ್ಲಿಷು ಮಾತಾಡುತ್ತಾರೆ, ಶ್ರೀರಂಗಪಟ್ಟಣದ ಹೋಟೆಲಿನಲ್ಲೂ ಮಾತಾಡುತ್ತಾರೆ. ತಪ್ಪುತ್ತಾರೆ, ಆದರೆ ನಿಲ್ಲುವುದಿಲ್ಲ. ನಿಯಮ ಕಲಿಸಿದ್ದು ನಾನು. ನಿಲ್ಲದಿರುವುದನ್ನು ಯಾರು ಕಲಿಸಿದರೋ!

ನಾನು ನಿಂತವನು. ಕಡೇ ವರ್ಷದ ಬಿ.ಎ., ಕಾಲೇಜಿನ ವಾರ್ಷಿಕೋತ್ಸವ. ಮೈಕು ಹಿಡಿದು "ರೆಸ್ಪೆಕ್ಟೆಡ್ ಪ್ರೆಸಿಡೆಂಟ್" ಅಂದೆ. ಮುಂದಕ್ಕೆ ಬರಲಿಲ್ಲ. ಹಿಂದಿನಿಂದ ಯಾರೋ, "ಕರೆಂಟ್ ಓಯ್ತೇನ್ಲಾ?" ಅಂದ. ಸಭೆಯೇ ನಕ್ಕಿತು. ಕೇಳಲೆಂದೇ ಬಸ್ಸು ಹತ್ತಿ ಬಂದಿದ್ದ ಮೇಷ್ಟ್ರು ಆಮೇಲೆ ನನ್ನ ಬೆನ್ನ ಮೇಲೆ ಕೈಯಿಟ್ಟು, "ಹೇಳಿದ ಎರಡು ಪದದಲ್ಲಿ ತಪ್ಪೇ ಇರಲಿಲ್ಲ ಕಣಯ್ಯಾ" ಅಂದರು. ಅವರು ಈಗಿಲ್ಲ. ಅಂದಿನಿಂದ ವ್ಯಾಕರಣ ಮಾರಿ ಬದುಕಿದ್ದೇನೆ. ಇಂಗ್ಲಿಷಿನಲ್ಲಿ ಮೈಕು ಮಾತ್ರ ಮುಟ್ಟಿಲ್ಲ.

ಸಾಕು. ಇಲ್ಲಿ ಯಾವ ಸಮಾರಂಭವೂ ಇಲ್ಲ. ಇದು ಭಾನುವಾರದ ನನ್ನ ಟ್ಯುಟೋರಿಯಲ್ಲು. ಸಭಿಕರು ಖಾಲಿ ಬೆಂಚುಗಳು. ಮುಖ್ಯ ಅತಿಥಿ, ಗೋಡೆಗೆ ಒರಗಿಸಿದ ಕರಿಹಲಗೆ. ಅಧ್ಯಕ್ಷರು, ಕುರ್ಚಿಯ ಮೇಲಿಟ್ಟ ನನ್ನ ಹೆಲ್ಮೆಟ್ಟು. ಬೀಳ್ಕೊಡುಗೆ ನಾಳೆ, ಕೆ.ಆರ್. ಪೇಟೆಯಲ್ಲಿ. "ಯೂ ಫಸ್ಟ್ ಸ್ಪೀಕ್, ದೆನ್ ಐ" ಅಂದಿದ್ದಾರೆ ಎಂಕಪ್ಪ. ಅವರಿಗೆ ಕನ್ನಡ ಬಾರದು. ಇಷ್ಟು ಹೊತ್ತು ನಾನು ಕನ್ನಡದಲ್ಲಿ ಮೆರೆದದ್ದು ಬರೀ ಭಯಕ್ಕೆ. ನನ್ನ ಮಾತು ಕೇಳದೆ ಆ ಮನುಷ್ಯ ವಿಮಾನ ಹತ್ತಬಾರದು. ಒಂದು ಸಲ ಹೇಳಿ ನೋಡುತ್ತೇನೆ, ಹೆಲ್ಮೆಟ್ಟೇ, ನಗಬೇಡ.

"ರೆಸ್ಪೆಕ್ಟೆಡ್ ಪ್ರೆಸಿಡೆಂಟ್... ಐ ಆಮ್ ಸ್ಯಾಡ್, ಬಿಕಾಸ್ ಮೈ ಫ್ರೆಂಡ್ ಟುಡೇ ಹೋಮ್ ಗೋಸ್."

ಸಾಲು ಎಂಕಪ್ಪನದಾಯಿತು. ಆಗಲಿ ಬಿಡಿ, ನಿಲ್ಲಲಿಲ್ಲವಲ್ಲ. ಕೇಳಿದ ಬೆಂಚುಗಳಿಗೆಲ್ಲ ವಂದನೆ, ನಮಸ್ಕಾರ.