ಸೋಮವಾರದ ರಕ್ತ

ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತು ಆಗಲೇ ಎರಡು ಸಲ ಗಡಿಯಾರ ನೋಡಿಕೊಂಡಿರುವ ಮಾನ್ಯ ಪ್ರಾಂಶುಪಾಲರೇ, ನನ್ನ ಬಗ್ಗೆ ನನಗೇ ತಿಳಿಯದಿದ್ದ ಸದ್ಗುಣಗಳನ್ನು ಪತ್ತೆಹಚ್ಚಿದ ಮುಖ್ಯ ಅತಿಥಿಗಳೇ, ಸಹೋದ್ಯೋಗಿಗಳೇ, ನನಗೆ ‘ಸೂಕ್ಷ್ಮ ಮೇಡಂ’ ಎಂದು ಅಡ್ಡಹೆಸರಿಟ್ಟು ಅದು ನನಗೆ ಗೊತ್ತಿಲ್ಲವೆಂದು ನಂಬಿರುವ ವಿದ್ಯಾರ್ಥಿಗಳೇ, ಮೊದಲ ಸಾಲಿನಲ್ಲಿ ಕರ್ಚೀಫು ಸಿದ್ಧಮಾಡಿಕೊಂಡು ಕುಳಿತಿರುವ ನನ್ನ ಅಕ್ಕನೇ, ಮತ್ತು ಸಭಿಕರೇ,

ನೀವೆಲ್ಲ ನನ್ನನ್ನು ಬೀಳ್ಕೊಡಲು ಬಂದಿದ್ದೀರಿ ಎಂದು ಆಹ್ವಾನ ಪತ್ರಿಕೆ ಹೇಳುತ್ತದೆ. ನಾನು ನಂಬುವುದಿಲ್ಲ. ಹೋದ ತಿಂಗಳು ನಿವೃತ್ತರಾದ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕರಿಗೆ ಅರ್ಧ ಸಭಾಂಗಣವೂ ತುಂಬಿರಲಿಲ್ಲ. ಇವತ್ತು ಬಾಗಿಲ ಬಳಿ ಕ್ಯಾಂಟೀನಿನವರು ಕೂಡ ನಿಂತಿದ್ದಾರೆ. ಅವರಿಗೆ ಸೂಕ್ಷ್ಮಜೀವಿಶಾಸ್ತ್ರದಲ್ಲಿ ಇದ್ದಕ್ಕಿದ್ದಂತೆ ಆಸಕ್ತಿ ಹುಟ್ಟಿತೇ? ಇಲ್ಲ. ನೀವು ಬಂದಿರುವುದು ಒಂದು ಉತ್ತರಕ್ಕಾಗಿ.

ಪ್ರಶ್ನೆ ಏನೆಂದು ಹೊರಗಿನಿಂದ ಬಂದ ಮುಖ್ಯ ಅತಿಥಿಗಳಿಗೆ ಮಾತ್ರ ಗೊತ್ತಿಲ್ಲ, ಹೇಳಿಬಿಡುತ್ತೇನೆ. ಮೂರು ವಾರದ ಹಿಂದೆ, ಮಧ್ಯಾಹ್ನದ ಚಹಾದ ಹೊತ್ತಿನಲ್ಲಿ, ತುಂಬಿದ ಕ್ಯಾಂಟೀನಿನಲ್ಲಿ, ನಮ್ಮ ಬ್ಲಡ್ ಬ್ಯಾಂಕಿನ ಮುಖ್ಯಸ್ಥರು ಕೈಯಲ್ಲಿ ತಟ್ಟೆ ಹಿಡಿದುಕೊಂಡು ನನ್ನ ಮೇಜಿನ ಮುಂದೆ ನಿಂತರು. “ಮೇಡಂ, ನಿಮ್ಮ ಅಭ್ಯಂತರ ಏನೂ ಇಲ್ದಿದ್ರೆ, ನಾವಿಬ್ರೂ ಮದುವೆ ಆಗಬಹುದಲ್ವಾ?” ಎಂದರು. ಉಪ್ಪಿನ ಡಬ್ಬಿ ಈ ಕಡೆ ಕೊಡ್ತೀರಾ ಎಂದು ಕೇಳಿದಷ್ಟೇ ಸಹಜವಾಗಿ. ನನ್ನ ಬಾಯಲ್ಲಿ ಅರ್ಧ ಬಿಸ್ಕತ್ತಿತ್ತು. ಅದನ್ನು ನುಂಗಿ, “ಬೀಳ್ಕೊಡುಗೆ ದಿನ ಹೇಳ್ತೀನಿ” ಎಂದೆ. ಅಂದಿನಿಂದ ಇಂದಿನವರೆಗೆ ಈ ಕಾಲೇಜಿನಲ್ಲಿ ಯಾರೂ ನನ್ನನ್ನು ನೇರವಾಗಿ ನೋಡಿ ಮಾತಾಡಿಲ್ಲ. ಎಲ್ಲರೂ ನಗು ತಡೆದುಕೊಂಡೇ ನಮಸ್ಕರಿಸಿದ್ದಾರೆ.

ಉತ್ತರ ಹೇಳುತ್ತೇನೆ. ಆದರೆ ಇಷ್ಟು ತುಂಬಿದ ತರಗತಿ ನನಗೆ ಎಂದೂ ಸಿಕ್ಕಿಲ್ಲ. ಪಾಠ ಮಾಡದೆ ಬಿಡುತ್ತೇನೆಯೇ?

ಸಭಿಕರೇ, ನಮ್ಮ ರಕ್ತ ರೋಗಾಣುಗಳಿಗೆ ಬಹಳ ಅಪಾಯದ ಬೀದಿ. ಹೆಜ್ಜೆಹೆಜ್ಜೆಗೂ ಕಾವಲು. ರಕ್ತದಲ್ಲೇ ತೇಲುವ ಕೆಲವು ಪ್ರೋಟೀನುಗಳು ರೋಗಾಣುವಿನ ಮೈಗೆ ತೂತು ಕೊರೆಯುತ್ತವೆ. ಬಿಳಿಯ ಕಣಗಳು ಕಣಕ್ಕಿಳಿದರೆ ಅದನ್ನು ಇಡಿಯಾಗಿ ನುಂಗುತ್ತವೆ. ಇಷ್ಟಾದರೂ ಕೆಲವು ರೋಗಾಣುಗಳು ಆರಾಮಾಗಿ ಓಡಾಡಿಕೊಂಡಿರುತ್ತವೆ. ಹೇಗೆ? ಒಂದು ಜಾತಿ ಮೈತುಂಬ ಸಕ್ಕರೆಯ ಲೋಳೆ ಹೊದ್ದುಕೊಳ್ಳುತ್ತದೆ. ಬಿಳಿಯ ಕಣ ಹಿಡಿಯಲು ಹೋದರೆ ಬಚ್ಚಲಿನ ಸೋಪಿನಂತೆ ಜಾರುತ್ತದೆ. ಇನ್ನೊಂದು ನಮ್ಮದೇ ಪ್ರೋಟೀನೊಂದನ್ನು ಕದ್ದು, ಗುರುತಿನ ಚೀಟಿಯಂತೆ ಎದೆಗೆ ಸಿಕ್ಕಿಸಿಕೊಂಡು, ‘ನಾನು ಮನೆಯವನೇ’ ಎಂದು ಕಾವಲುಗಾರನ ಮುಂದೆಯೇ ಹಾದುಹೋಗುತ್ತದೆ. ಮತ್ತೊಂದು ಆಗಾಗ ಅಂಗಿ ಬದಲಿಸುತ್ತದೆ. ಹಳೆಯ ಅಂಗಿಯ ಗುರುತು ಹಿಡಿದು ದೇಹ ಪ್ರತಿಕಾಯಗಳನ್ನು ತಯಾರಿಸುವ ಹೊತ್ತಿಗೆ, ಆಸಾಮಿ ಹೊಸ ಅಂಗಿಯಲ್ಲಿ!

ಈ ವಿದ್ಯೆಯನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಮನೆಯಲ್ಲೇ ಅಭ್ಯಾಸ ಮಾಡಿದೆ. ನನ್ನ ಮನೆಯ ರೋಗನಿರೋಧಕ ವ್ಯವಸ್ಥೆ ಎಂದರೆ ನನ್ನ ಅಕ್ಕ. ನಾನು ಮದುವೆಯಾಗದೆ ಉಳಿದದ್ದು ಅವಳ ಲೆಕ್ಕದಲ್ಲಿ ಒಂದು ಸೋಂಕು. ಹುಡುಕಿ ಹುಡುಕಿ ಸಂಬಂಧ ತರುತ್ತಿದ್ದಳು. ನಾನು ಅಂಗಿ ಬದಲಿಸುತ್ತಿದ್ದೆ.

“ಅಲ್ಲ ಕಣೇ, ಹೋದ ಸಲ ಪಿಎಚ್.ಡಿ. ಅಂದೆ. ಅದೂ ಮುಗೀತು. ಈಗೇನೇ ನಿಂದು?”

“ಈಗ ವರ್ಗಾವಣೆ ಆಗೋ ಹಾಗಿದೆ ಅಕ್ಕ.”

“ಹುಡುಗ ಬರ್ತಾನೆ ಅಂದ್ರೆ ಸಾಕು, ನಿಂಗೆ ಪೇಪರ್ ತಿದ್ದೋದು ನೆನಪಾಗುತ್ತೆ! ಅದೆಂಥ ಪೇಪರೋ, ವರ್ಷವಿಡೀ ತಿದ್ದಿದ್ರೂ ಮುಗಿಯಲ್ಲ!”

ಕೊನೆಗೆ ಅತಿ ಜಾಣ ರೋಗಾಣುವಿನ ದಾರಿ ಹಿಡಿದೆ. ಅದು ತನ್ನನ್ನು ನುಂಗಿದ ಬಿಳಿಯ ಕಣದ ಹೊಟ್ಟೆಯೊಳಗೇ ಬಿಡಾರ ಹೂಡುತ್ತದೆ. ನಾನು ಅಕ್ಕನ ಮನೆಯ ಮಹಡಿಗೇ ಬಾಡಿಗೆಗೆ ಹೋದೆ. ಕಣ್ಣೆದುರಿಗೇ ಇರುವವಳನ್ನು ಯಾರು ಹುಡುಕುತ್ತಾರೆ?

ಏಕೆ ಹೀಗೆ ತಪ್ಪಿಸಿಕೊಂಡಿರಿ ಎಂದು ಕೇಳುತ್ತೀರೇನೋ. ಬಂದವರೆಲ್ಲ ಒಳ್ಳೆಯವರೇ. ಸಂಬಳ ಕೇಳಿದರು, ಅಡುಗೆ ಬರುತ್ತದೆಯೇ ಎಂದು ಕೇಳಿದರು, ಕನ್ನಡಕ ಯಾವಾಗಿನಿಂದ ಎಂದು ಕೇಳಿದರು. ದಿನವಿಡೀ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂರುವ ಹೆಂಗಸಿಗೆ ಅದರಲ್ಲಿ ಏನು ಕಾಣುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ಇರಲಿ, ಇದು ನಾನು ಬರೆದುಕೊಂಡು ಬಂದ ಭಾಷಣದಲ್ಲಿ ಇರಲಿಲ್ಲ.

ಈಗ ಸೋಮವಾರದ ವಿಷಯಕ್ಕೆ ಬರುತ್ತೇನೆ. ಪ್ರತಿ ಸೋಮವಾರ ಬೆಳಿಗ್ಗೆ ನನ್ನ ಪ್ರಾಯೋಗಿಕ ತರಗತಿ. ಅದಕ್ಕೆ ಆಗತಾನೇ ತೆಗೆದ ರಕ್ತ ಬೇಕು. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತ, ಅದಕ್ಕೆ ಲೋಳೆ ಹೊದ್ದ ರೋಗಾಣು. ಬಿಳಿಯ ಕಣ ಅದರ ಹಿಂದೆ ಬೀಳುತ್ತದೆ, ಹಿಡಿಯುತ್ತದೆ, ಜಾರುತ್ತದೆ, ಮತ್ತೆ ಹಿಂದೆ ಬೀಳುತ್ತದೆ. ಆಮೇಲೆ ಪ್ರತಿಕಾಯದ ಒಂದು ಹನಿ ಬಿಟ್ಟರೆ, ಜಾರುವ ಪಾತ್ರೆಗೆ ಹಿಡಿಕೆ ಬಂದಂತೆ, ಗಬಕ್ಕನೆ ನುಂಗುತ್ತದೆ! ಇಪ್ಪತ್ತು ಚಿಲ್ಲರೆ ವರ್ಷದಿಂದ ನೋಡುತ್ತಿದ್ದರೂ ಆ ಗಳಿಗೆಯಲ್ಲಿ ನಾನು ಚಪ್ಪಾಳೆ ತಟ್ಟುತ್ತೇನೆ.

ರಕ್ತ ಬ್ಲಡ್ ಬ್ಯಾಂಕಿನಿಂದ ಬರುತ್ತಿತ್ತು. ಟ್ಯೂಬಿನ ಮೇಲೆ ‘ಆರೋಗ್ಯವಂತ ದಾನಿ’ ಎಂದಷ್ಟೇ ಇರುತ್ತಿತ್ತು. ಯಾವ ದಾನಿ ಎಂದು ನಾನು ಕೇಳಲಿಲ್ಲ. ಆದರೆ ಆ ಕಣಗಳನ್ನು ಹೊಗಳುತ್ತಿದ್ದೆ. “ನೋಡ್ರಪ್ಪಾ, ಎಷ್ಟು ಜಾರಿದ್ರೂ ಬೇಜಾರಿಲ್ಲ! ಎಂಥ ತಾಳ್ಮೆಯ ಕಣಗಳು! ನೀವೂ ಹೀಗಿದ್ದಿದ್ರೆ ಪಾಸಾಗ್ತಿದ್ರಿ!” ಆಗ ಬೈಸಿಕೊಂಡವರಲ್ಲಿ ಕೆಲವರು ಇಂದು ವೇದಿಕೆಯ ಮೇಲೆ, ನನ್ನ ಪಕ್ಕದಲ್ಲೇ ಇದ್ದಾರೆ.

ಹೋದ ಚಳಿಗಾಲದ ಒಂದು ಸೋಮವಾರ ಟ್ಯೂಬು ಬಂತು. ಗಾಜಿನ ಪಟ್ಟಿ ನೋಡಿದೆ. ಕಣಗಳ ಸಂಖ್ಯೆ ವಿಪರೀತ. ಅರ್ಧಕ್ಕರ್ಧ ಎಳೆಯ ಕಣಗಳು. ಬೆಳೆಯಲೂ ಪುರುಸೊತ್ತಿಲ್ಲದೆ ಮಕ್ಕಳನ್ನೇ ಯುದ್ಧಕ್ಕೆ ಕಳಿಸಿದ ಹಾಗೆ. ಉಳಿದವುಗಳ ಒಳಗೆಲ್ಲ ಕಪ್ಪು ಹರಳುಗಳು. ಮೈಯಲ್ಲಿ ಎಲ್ಲೋ ದೊಡ್ಡ ಸೋಂಕು ಹೊತ್ತಿ ಉರಿಯುತ್ತಿದ್ದರೆ ಕಾಣುವ ನೋಟ ಅದು. ಪಾಠ ಅಲ್ಲಿಗೇ ನಿಲ್ಲಿಸಿ ಬ್ಲಡ್ ಬ್ಯಾಂಕಿಗೆ ಫೋನ್ ಮಾಡಿದೆ.

“ರೀ, ಇವತ್ತಿನ ನಿಮ್ಮ ದಾನಿ ಆರೋಗ್ಯವಾಗಿಲ್ಲ. ಅವರನ್ನ ತಕ್ಷಣ ವಾರ್ಡಿಗೆ ಕಳಿಸಿ.”

ಫೋನ್ ಎತ್ತಿದ್ದವರು ಮುಖ್ಯಸ್ಥರೇ. “ಹೌದಾ ಮೇಡಂ? ಬೆಳಿಗ್ಗೆಯಿಂದ ಸ್ವಲ್ಪ ಚಳಿ ಆಗ್ತಾ ಇತ್ತು, ಹವಾಮಾನ ಇರಬೇಕು ಅಂದ್ಕೊಂಡೆ.”

ನಾನು ಮೆಟ್ಟಿಲು ಹೇಗೆ ಇಳಿದೆನೋ ನನಗೆ ನೆನಪಿಲ್ಲ. ಹಲ್ಲಿನ ಬುಡದ ಕೀವನ್ನು ನಿರ್ಲಕ್ಷಿಸಿದ್ದರಂತೆ. ರೋಗಾಣು ಅಲ್ಲಿಂದ ರಕ್ತಕ್ಕೆ ಇಳಿದಿತ್ತು. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದು ವಾರ್ಡಿನ ವೈದ್ಯರು ಹೇಳಿದರು. ನಾನು ದಿನವೂ ನೋಡಲು ಹೋಗುತ್ತಿದ್ದೆ, ಸಹೋದ್ಯೋಗಿ ಎಂಬ ನೆಲೆಯಲ್ಲಿ. ನಗಬೇಡಿ.

ಜ್ವರ ಇಳಿದ ದಿನ ಕೇಳಿದೆ. “ಇಷ್ಟು ವರ್ಷ ಎಲ್ಲಾ ನಿಮ್ಮದೇನಾ?”

“ಮೊದಲ ಸಲ ದಾನಿ ಕೈಕೊಟ್ಟರು. ನಿಮ್ಮ ಕ್ಲಾಸ್ ನಿಲ್ಲುತ್ತಲ್ಲ ಅಂತ ನಾನೇ ಕೊಟ್ಟೆ. ಸಂಜೆ ನಿಮ್ಮ ಹುಡುಗರು, ‘ಮೇಡಂ ಆ ಕಣಗಳನ್ನ ಬಹಳ ಹೊಗಳಿದ್ರು’ ಅಂದ್ರು. ನನ್ನಲ್ಲಿ ಯಾವುದನ್ನಾದ್ರೂ ಹೊಗಳಿದವರು ನೀವೊಬ್ಬರೇ ಮೇಡಂ. ಅಭ್ಯಾಸ ಆಗೋಯ್ತು.” ಆಮೇಲೆ ದಿಂಬಿಗೊರಗಿ ಮೆಲ್ಲಗೆ ಕೇಳಿದರು: “ಆ ದಿನ ಸೂಕ್ಷ್ಮದರ್ಶಕದಲ್ಲಿ ನಿಮಗೆ ಏನೇನು ಕಾಣಿಸ್ತು? ಪೂರ್ತಿ ಹೇಳಿ.”

ಸಭಿಕರೇ, ನಾನು ಪೂರ್ತಿ ಹೇಳಿದೆ. ನರ್ಸಮ್ಮ ಬಂದು ಎಬ್ಬಿಸುವವರೆಗೂ ಹೇಳಿದೆ.

ರೋಗಾಣುಗಳ ಎಲ್ಲ ವೇಷಗಳನ್ನೂ ಬಲ್ಲೆನೆಂದು ಬೀಗುತ್ತಿದ್ದವಳು ನಾನು. ಆದರೆ ಒಬ್ಬ ಮನುಷ್ಯ ‘ಆರೋಗ್ಯವಂತ ದಾನಿ’ ಎಂಬ ಚೀಟಿ ಅಂಟಿಸಿಕೊಂಡು ವಾರವಾರವೂ ನನ್ನ ಕಣ್ಣ ಕೆಳಗೇ ಹಾದುಹೋದರೆ, ಗುರುತು ಹಿಡಿದೆನೇ? ಹಾಗಾದರೆ ಕ್ಯಾಂಟೀನಿನಲ್ಲೇ ಏಕೆ ಒಪ್ಪಲಿಲ್ಲ? ಹೆದರಿಕೆ, ಅಷ್ಟೇ. ಇಷ್ಟು ಕಾಲ ಜಾರಿ ಜಾರಿ ಅಭ್ಯಾಸವಾದವರಿಗೆ ಹಿಡಿಕೆ ಮೂಡಿದರೆ ಮೈ ಭಾರವೆನಿಸುತ್ತದೆ. ಈ ಮೂರು ವಾರ ಹೊಸ ಅಂಗಿಯೊಂದನ್ನು ಹುಡುಕಿದೆ. ಪೆಟ್ಟಿಗೆ ಖಾಲಿ.

ಅಕ್ಕಾ, ಕೂತ್ಕೋ. ಇನ್ನೂ ಮುಗಿದಿಲ್ಲ.

ನನ್ನ ಜಾಗಕ್ಕೆ ಬರುವ ಹೊಸ ಅಧ್ಯಾಪಕರಲ್ಲಿ ಒಂದು ವಿನಂತಿ. ಸೋಮವಾರದ ತರಗತಿಗೆ ದಯವಿಟ್ಟು ಬೇರೆ ದಾನಿಯನ್ನು ನೋಡಿಕೊಳ್ಳಿ. ಬ್ಲಡ್ ಬ್ಯಾಂಕಿನ ಮುಖ್ಯಸ್ಥರು ಇನ್ನು ಮುಂದೆ ಸೋಮವಾರ ಕೆಲಸಕ್ಕೆ ತುಸು ತಡವಾಗಿ ಬರುತ್ತಾರೆ. ಪ್ರಾಂಶುಪಾಲರು ಅನ್ಯಥಾ ಭಾವಿಸಬಾರದು. ನಮ್ಮ ಮನೆಯಲ್ಲಿ ಆ ದಿನದ ತಿಂಡಿ ಅವರ ಪಾಳಿ.

ಚಪ್ಪಾಳೆ ಸಾಕು, ಅವರು ಮೊದಲೇ ನಾಚಿಕೆಯ ಮನುಷ್ಯರು. ನೋಡಿ, ರಕ್ತವೆಲ್ಲ ಮುಖಕ್ಕೇ ಏರಿದೆ. ಕೊನೆಯ ಸಾಲಿನಲ್ಲಿ ಕಂಬದ ಮರೆಯಲ್ಲಿ ನಿಂತರೆ ಕಾಣುವುದಿಲ್ಲ ಎಂದುಕೊಂಡಿದ್ದೀರಾ? ಈಚೆ ಬನ್ನಿ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ನಿಮಗೆಲ್ಲ, ಇಷ್ಟು ವರ್ಷ ತಾಳ್ಮೆಯಿಂದ ಕಾದ ಒಬ್ಬರಿಗೆ, ಮತ್ತು ಕರ್ಚೀಫು ಪೂರ್ತಿ ಒದ್ದೆ ಮಾಡಿಕೊಂಡಿರುವ ನನ್ನ ಅಕ್ಕನಿಗೆ ಹೃತ್ಪೂರ್ವಕ ಧನ್ಯವಾದಗಳು. ನಮಸ್ಕಾರ.